ಮನೆಯ ಗಣಕಯಂತ್ರಕ್ಕೆ ಸರ್ವರ್ ಪ್ರೊಸೆಸರ್: ಲಾಭವೆಷ್ಟು, ನಷ್ಟವೆಷ್ಟು?

ಚಂದಾಪುರ ವೃತ್ತದಿಂದ ಆನೇಕಲ್ ರಸ್ತೆಗೆ ತಿರುಗಿದರೂ ಸರಿ, ಹೊಸೂರು ರಸ್ತೆಯಲ್ಲೇ ಹಿಂದಿರುಗಿ ಬೊಮ್ಮಸಂದ್ರದ ಒಳರಸ್ತೆಗಳನ್ನು ಹೊಕ್ಕರೂ ಸರಿ, ಅಲ್ಲಿ ಕಾಣುವ ಎಷ್ಟೋ ಸಣ್ಣ ಷೆಡ್ಡುಗಳಿಗೆ ಪ್ರತ್ಯೇಕ ಕಚೇರಿ ಎಂಬುದಿಲ್ಲ. ಹಗಲೆಲ್ಲ ಲೇತ್ ಅಥವಾ ವಿ.ಎಂ.ಸಿ. ಯಂತ್ರದ ಬಳಿ ನಿಂತ ಮಾಲೀಕರೇ ರಾತ್ರಿ ಮನೆಗೆ ಹೋಗಿ ಬಿಲ್ಲು ಬರೆಯುತ್ತಾರೆ, ಜಿ.ಎಸ್.ಟಿ. ವಿವರಣೆ ಸಿದ್ಧಪಡಿಸುತ್ತಾರೆ, ಗಿರಾಕಿ ಕಳುಹಿಸಿದ ನಕ್ಷೆಯನ್ನು ತೆರೆದು ಮರುದಿನದ ಪ್ರೋಗ್ರಾಮು ತಯಾರಿಸುತ್ತಾರೆ. ಅದೇ ಯಂತ್ರದಲ್ಲಿ ಮಕ್ಕಳ ಪಾಠವೂ ನಡೆಯುತ್ತದೆ. ಆದ್ದರಿಂದ 'ಮನೆಯ ಗಣಕಯಂತ್ರ' ಎಂದು ನಾವು ಹಗುರವಾಗಿ ಕರೆಯುವ ವಸ್ತು ವಾಸ್ತವವಾಗಿ ಉದ್ದಿಮೆಯ ಒಂದು ಉಪಕರಣವೇ ಆಗಿದೆ. ಲೇತ್ ಕೊಳ್ಳುವಾಗ ತೋರುವ ಎಚ್ಚರವನ್ನು ಇದನ್ನು ಕೊಳ್ಳುವಾಗ ನಮ್ಮಲ್ಲಿ ಅನೇಕರು ತೋರುವುದಿಲ್ಲ ಎಂಬುದು ಈ ಲೇಖನಕ್ಕೆ ಕಾರಣ.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿಯೂ ಅಂತರಜಾಲದ ಮಾರುಕಟ್ಟೆಗಳಲ್ಲಿಯೂ ಒಂದು ಕೊಡುಗೆ ಪದೇ ಪದೇ ಕಣ್ಣಿಗೆ ಬೀಳುತ್ತದೆ: "14 ಕೋರ್, 28 ಥ್ರೆಡ್, 64 ಜಿ.ಬಿ. ಮೆಮೊರಿ, ಸರ್ವರ್ ದರ್ಜೆಯ ಝಿಯಾನ್ ಪ್ರೊಸೆಸರ್." ಬೆಲೆ ಮಾತ್ರ 6 ಕೋರಿನ ಹೊಸ ಡೆಸ್ಕ್‌ಟಾಪಿಗಿಂತ ಬಹಳ ಕಡಿಮೆ. ವ್ಯಾಪಾರ ಬಲ್ಲವರಿಗೆ ಸಹಜವಾಗಿಯೇ ಆಸೆ ಹುಟ್ಟುತ್ತದೆ. ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಕೊಂಡ ವಸ್ತು ಕೆಲವೇ ಸಾವಿರಕ್ಕೆ ದೊರೆಯುವಾಗ ಬಿಡುವುದೇಕೆ? ನಮ್ಮ ಬಹುತೇಕ ಸದಸ್ಯರ ಕೆಲಸಕ್ಕೆ ಡೆಸ್ಕ್‌ಟಾಪ್ ಪ್ರೊಸೆಸರೇ ಸರಿ ಎಂಬುದು ಈ ಲೇಖಕನ ಅಭಿಪ್ರಾಯ. ಆದರೆ ಕಾರಣ ತಿಳಿಯದೆ ಈ ಮಾತನ್ನು ಒಪ್ಪಬೇಕಾಗಿಲ್ಲ. ಕೆಲವು ಕೆಲಸಗಳಿಗೆ ಇದೇ ಉತ್ತರ ತಿರುಗುಮುರುಗಾಗುತ್ತದೆ.

ಒಂದೇ ಕುಲ, ಬೇರೆ ದುಡಿಮೆ

ಇಂಟೆಲ್ ಕಂಪನಿಯು ಝಿಯಾನ್ ಎಂಬ ಹೆಸರನ್ನು 1998ರಲ್ಲಿ ಬಳಕೆಗೆ ತಂದಿತು. ಎ.ಎಂ.ಡಿ. ಕಂಪನಿಯ ಆಪ್ಟೆರಾನ್ 2003ರಲ್ಲಿ ಬಂದಿತು. ಇವು ಸರ್ವರ್ ಪ್ರೊಸೆಸರುಗಳಾದರೂ ಮನೆಯ ಯಂತ್ರದ ಪ್ರೊಸೆಸರುಗಳು ಅರ್ಥಮಾಡಿಕೊಳ್ಳುವ ಆಜ್ಞೆಗಳನ್ನೇ ಇವೂ ಅರ್ಥಮಾಡಿಕೊಳ್ಳುತ್ತವೆ. ಅದೇ ವಿಂಡೋಸ್, ಅದೇ ಟ್ಯಾಲಿ ಇವುಗಳ ಮೇಲೂ ನಡೆಯುತ್ತವೆ. ಅಂತರವಿರುವುದು ಉದ್ದೇಶದಲ್ಲಿ. ನೂರಾರು ಜನರ ಬೇಡಿಕೆಗಳನ್ನು ಏಕಕಾಲಕ್ಕೆ, ವರ್ಷವಿಡೀ, ತಂಪು ಕೋಣೆಯೊಂದರಲ್ಲಿ ನಿಲ್ಲದೆ ಪೂರೈಸುವುದು ಸರ್ವರಿನ ಕೆಲಸ. ಅದಕ್ಕಾಗಿ ಅದರಲ್ಲಿ ಕೋರುಗಳು ಹೆಚ್ಚು, ಪ್ರತಿ ಕೋರಿನ ವೇಗ ಮಿತ. ಪರದೆಯ ಮುಂದೆ ಕುಳಿತ ಒಬ್ಬ ವ್ಯಕ್ತಿಯನ್ನು ಕಾಯಿಸದಿರುವುದು ಡೆಸ್ಕ್‌ಟಾಪಿನ ಕೆಲಸ. ಅಲ್ಲಿ ಕೋರುಗಳು ಕಡಿಮೆ, ಒಂದೊಂದರ ವೇಗ ಹೆಚ್ಚು. ಲಾರಿಗೂ ಮೋಟಾರ್ ಸೈಕಲ್ಲಿಗೂ ಇರುವ ವ್ಯತ್ಯಾಸವೆನ್ನಬಹುದು. ಹತ್ತು ಟನ್ ಕಬ್ಬಿಣ ಸಾಗಿಸಲು ಲಾರಿ ಬೇಕು. ಅತ್ತಿಬೆಲೆಗೆ ಹೋಗಿ ಒಂದು ಚೆಕ್ಕು ತರಲು ಲಾರಿ ಹೊರಡಿಸುವವರಿಲ್ಲ.

ಈ ವಿಷಯದಲ್ಲಿ ನಮ್ಮ ಊರಿನದೇ ಒಂದು ಪ್ರಸಂಗವಿದೆ. ಇಂಟೆಲ್‌ನ ಬೆಂಗಳೂರು ತಂಡವು ಈ ಶತಮಾನದ ಆರಂಭದ ವರ್ಷಗಳಲ್ಲಿ ಝಿಯಾನ್ ಮಾದರಿಯೊಂದರ ವಿನ್ಯಾಸಕ್ಕೆ ತೊಡಗಿತು. ಅದರ ಒಳಹೆಸರು 'ವೈಟ್‌ಫೀಲ್ಡ್', ಅಂದರೆ ನಮ್ಮ ವೈಟ್‌ಫೀಲ್ಡೇ. 2005ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಮೂರು ವರ್ಷಗಳ ನಂತರ, 2008ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಝಿಯಾನ್ 7400 ಸರಣಿ ಮಾರುಕಟ್ಟೆಗೆ ಬಂದಿತು. 'ಡನ್ನಿಂಗ್ಟನ್' ಎಂಬ ಒಳಹೆಸರಿನ ಆ ಪ್ರೊಸೆಸರಿನಲ್ಲಿ 6 ಕೋರುಗಳು, 16 ಎಂ.ಬಿ. ಮೂರನೆಯ ಹಂತದ ಕ್ಯಾಷೆ, ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳಿದ್ದವು. ಭಾರತದ ತಂತ್ರಜ್ಞರಿಗೆ ಅದು ಹೆಮ್ಮೆಯ ದಿನ.

ಆ ಸರಣಿಯ ಮೇಲ್ತುದಿಯ ಎಕ್ಸ್7460 ಮಾದರಿಯ ವೇಗ 2.66 ಗಿಗಾಹರ್ಟ್ಸ್, ಶಾಖದ ಮಿತಿ 130 ವಾಟ್, ಸಗಟು ಬೆಲೆ 2,729 ಡಾಲರ್. ಅದೇ ಕಂಪನಿಯು ಅದೇ ವರ್ಷ ಮನೆಬಳಕೆಗಾಗಿ ಮಾರಿದ ಕೋರ್ 2 ಡ್ಯುಯೋ ಇ8600ರ ವೇಗ 3.33 ಗಿಗಾಹರ್ಟ್ಸ್, ಶಾಖದ ಮಿತಿ 65 ವಾಟ್, ಸಗಟು ಬೆಲೆ 266 ಡಾಲರ್. ಎರಡೂ 45 ನ್ಯಾನೊಮೀಟರ್ ವಿಧಾನದಲ್ಲೇ ತಯಾರಾದವು. ಮನೆಯಲ್ಲಿ ಕುಳಿತು ಒಂದು ನಕ್ಷೆ ಎಳೆಯುವವನಿಗೆ ಹತ್ತು ಪಟ್ಟು ಬೆಲೆಯ ಪ್ರೊಸೆಸರಿಗಿಂತ ಅಗ್ಗದ್ದೇ ಚುರುಕಾಗಿ ತೋರುತ್ತಿತ್ತು. ದುಬಾರಿಯದ್ದು ಕಳಪೆಯೆಂದು ಇದರ ಅರ್ಥವಲ್ಲ. ಅದನ್ನು ಮಾಡಿದ್ದು ನಾಲ್ಕು ನಾಲ್ಕು ಪ್ರೊಸೆಸರುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೂರಿಸುವ ಬ್ಯಾಂಕು ಮತ್ತು ದತ್ತಾಂಶ ಕೇಂದ್ರಗಳಿಗಾಗಿ.

ಕೋರುಗಳ ಲೆಕ್ಕ

ಈಗ ಅಂಗಡಿಯವರ ಮುಖ್ಯ ವಾದಕ್ಕೆ ಬರೋಣ: ಕೋರು ಹೆಚ್ಚಿದಷ್ಟೂ ವೇಗ ಹೆಚ್ಚು. ಇದು ಅರ್ಧ ಸತ್ಯ. ಒಂದು ಶಾಫ್ಟನ್ನು ಮೊದಲು ಲೇತಿನಲ್ಲಿ ತಿರುಗಿಸಬೇಕು, ಆಮೇಲೆ ಕೀ-ವೇ ಕೊರೆಯಬೇಕು, ಕೊನೆಗೆ ಗ್ರೈಂಡಿಂಗ್ ಆಗಬೇಕು. ಒಂದೇ ಶಾಫ್ಟಿಗೆ 14 ಜನ ಕೆಲಸಗಾರರನ್ನು ನಿಲ್ಲಿಸಿದರೆ 13 ಜನ ಕೈಕಟ್ಟಿ ನಿಲ್ಲುತ್ತಾರೆ. 14 ಶಾಫ್ಟುಗಳಿದ್ದರೆ ಆ 14 ಜನರೂ ದುಡಿಯಬಲ್ಲರು. ಗಣಕಯಂತ್ರದ ಕೆಲಸಗಳಲ್ಲಿಯೂ ಒಂದರ ನಂತರ ಒಂದು ಆಗಲೇಬೇಕಾದ ಭಾಗ ಮತ್ತು ಹಂಚಿಕೊಂಡು ಮಾಡಬಹುದಾದ ಭಾಗ ಎಂದು ಎರಡಿವೆ. ಜೀನ್ ಆಮ್ಡಾಲ್ ಎಂಬ ಗಣಕ ವಿನ್ಯಾಸಕರು 1967ರಲ್ಲಿಯೇ ಇದನ್ನು ಎತ್ತಿ ತೋರಿಸಿದರು.

ಅಂಕಿಗಳಲ್ಲಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಹಳೆಯ ಸರ್ವರುಗಳಿಂದ ಬಿಚ್ಚಿ ಮಾರುವ ಪ್ರೊಸೆಸರುಗಳಲ್ಲಿ ಬಹಳ ಪ್ರಚಾರದಲ್ಲಿರುವುದು ಝಿಯಾನ್ ಇ5-2680 ವಿ4. ಇದು 2016ರ ಮಾದರಿ. 14 ಕೋರು, ಮೂಲ ವೇಗ 2.4 ಗಿಗಾಹರ್ಟ್ಸ್, ಗರಿಷ್ಠ ವೇಗ 3.3. ಡೆಸ್ಕ್‌ಟಾಪ್ ಪಕ್ಷಕ್ಕೆ 2022ರ ಕೋರ್ ಐ5-12400 ಅನ್ನು ತೆಗೆದುಕೊಳ್ಳೋಣ. 6 ಕೋರು, ಗರಿಷ್ಠ ವೇಗ 4.4 ಗಿಗಾಹರ್ಟ್ಸ್. ಇದಕ್ಕಿಂತ ಹೊಸ ಪೀಳಿಗೆಗಳು ಬಂದಿವೆಯಾದರೂ ಲೆಕ್ಕಕ್ಕೆ ಇದು ಸಾಕು. ಹೊಸ ಕೋರು ಗಿಗಾಹರ್ಟ್ಸಿನಲ್ಲಿ ಮಾತ್ರವಲ್ಲ, ಪ್ರತಿ ಸುತ್ತಿನಲ್ಲಿ ಮಾಡುವ ಕೆಲಸದಲ್ಲಿಯೂ ಮುಂದಿದೆ. ಆದರೂ ಕೈಬಿಗಿ ಹಿಡಿದು, ಹೊಸದರ ಒಂದು ಕೋರು ಹಳೆಯದರ ಒಂದು ಕೋರಿಗಿಂತ ಒಂದೂವರೆ ಪಟ್ಟು ಮಾತ್ರ ಚುರುಕು ಎಂದಿಟ್ಟುಕೊಳ್ಳೋಣ.

ಹಳೆಯ ಒಂದೇ ಕೋರಿಗೆ 100 ನಿಮಿಷ ಹಿಡಿಯುವ ಕೆಲಸವೊಂದರಲ್ಲಿ 30 ನಿಮಿಷದ ಭಾಗವನ್ನು ಹಂಚಲಾಗದು ಎಂದು ಭಾವಿಸಿ. 14 ಕೋರಿನ ಸರ್ವರಿನಲ್ಲಿ 30ಕ್ಕೆ 70ರ 14ನೆಯ ಒಂದು ಭಾಗವಾದ 5 ಸೇರಿ 35 ನಿಮಿಷ. 6 ಕೋರಿನ ಡೆಸ್ಕ್‌ಟಾಪಿನಲ್ಲಿ 30ಕ್ಕೆ 70ರ 6ನೆಯ ಒಂದು ಭಾಗ ಸೇರಿ ಸುಮಾರು 41.7, ಅದನ್ನು ಒಂದೂವರೆಯಿಂದ ಭಾಗಿಸಿದರೆ ಸುಮಾರು 28 ನಿಮಿಷ. ಅಂದರೆ 8 ಕೋರು ಕಡಿಮೆಯಿದ್ದೂ ಡೆಸ್ಕ್‌ಟಾಪು 7 ನಿಮಿಷ ಮೊದಲೇ ಮುಗಿಸುತ್ತದೆ. ಹಂಚಲಾಗದ ಭಾಗ ಕೇವಲ 5 ನಿಮಿಷವಾಗಿದ್ದರೆ? ಆಗ ಸರ್ವರಿಗೆ ಸುಮಾರು 12 ನಿಮಿಷ, ಡೆಸ್ಕ್‌ಟಾಪಿಗೆ ಸುಮಾರು 14. ಈಗ ಗೆಲುವು ಸರ್ವರಿನದು. ಯಾವುದು ಉತ್ತಮ ಎಂಬ ಪ್ರಶ್ನೆಗೆ ಪ್ರೊಸೆಸರಿನ ಪೆಟ್ಟಿಗೆಯ ಮೇಲೆ ಉತ್ತರವಿಲ್ಲ. ಅದು ತಮ್ಮ ಕೆಲಸದಲ್ಲಿದೆ.

ನಮ್ಮ ಕೆಲಸಗಳು ಯಾವ ಬಗೆಯವು? ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶದಲ್ಲಿ ವೋಚರ್ ತುಂಬುವಾಗ ಯಂತ್ರವು ಹೆಚ್ಚಿನ ಹೊತ್ತು ನಮ್ಮ ಬೆರಳುಗಳಿಗಾಗಿ ಕಾಯುತ್ತಿರುತ್ತದೆ. ಇಲ್ಲಿ ಪ್ರೊಸೆಸರಿಗಿಂತ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿದರೆ ಕಾಣುವ ವ್ಯತ್ಯಾಸ ದೊಡ್ಡದು. ಆಟೋಕ್ಯಾಡ್‌ನ ರೇಖಾಚಿತ್ರ ಕೆಲಸ ಬಹುಮಟ್ಟಿಗೆ ಒಂದೇ ಕೋರಿನ ಮೇಲೆ ನಡೆಯುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಒಂದು ಅಳತೆ ಬದಲಿಸಿದರೆ ಭಾಗವು ಕ್ರಮವಾಗಿ ಮರುನಿರ್ಮಾಣಗೊಳ್ಳುತ್ತದೆ. ಮೊದಲ ಉಬ್ಬು ಮೂಡದೆ ಅದರ ಮೇಲಿನ ರಂಧ್ರ ಮೂಡಲಾರದು, ರಂಧ್ರವಿಲ್ಲದೆ ಅದರ ಅಂಚಿನ ಚ್ಯಾಂಫರ್ ಇಲ್ಲ. ಶಾಫ್ಟಿನ ಕಥೆಯೇ ಇದು. ಟೂಲ್‌ಪಾತ್ ಲೆಕ್ಕವು ತಂತ್ರಾಂಶವನ್ನು ಅನುಸರಿಸಿ ಹಲವು ಕೋರುಗಳನ್ನು ಸ್ವಲ್ಪಮಟ್ಟಿಗೆ ಬಳಸೀತು. ಚಿತ್ರದ ರೆಂಡರಿಂಗ್, ಅಚ್ಚಿನೊಳಗೆ ಪ್ಲಾಸ್ಟಿಕ್ ಹರಿಯುವ ಬಗೆಯ ಸಿಮ್ಯುಲೇಷನ್, ವಿಡಿಯೊ ಪರಿವರ್ತನೆ ಇವು ಮಾತ್ರ ಎಷ್ಟು ಕೋರು ಕೊಟ್ಟರೂ ನುಂಗುತ್ತವೆ. ಮನೆಯಲ್ಲಿ ದಿನವೂ ಇಂತಹ ಕೆಲಸ ಮಾಡುವ ಸದಸ್ಯರು ನಮ್ಮಲ್ಲಿ ವಿರಳ.

ನಾಲ್ಕು ಸಾವಿರದ ತೊಂಬತ್ತಾರು ಮತಗಳು

ಸರ್ವರ್ ಪ್ರೊಸೆಸರಿನ ಒಂದು ಗುಣವನ್ನು ಮಾತ್ರ ವ್ಯಾಪಾರಿಗಳು ಗಂಭೀರವಾಗಿ ಪರಿಗಣಿಸಬೇಕು. ಅದು ದೋಷ ತಿದ್ದುವ ಮೆಮೊರಿ, ಮಾರುಕಟ್ಟೆಯಲ್ಲಿ ಇ.ಸಿ.ಸಿ. ಎನ್ನುತ್ತಾರೆ. ಬೆಲ್ಜಿಯಂ ದೇಶದ ಸ್ಕಾರ್‌ಬೇಕ್ ಎಂಬಲ್ಲಿ 2003ರ ಮೇ ತಿಂಗಳ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಬರಲು ಸಾಧ್ಯವೇ ಇಲ್ಲದಷ್ಟು ಮತಗಳು ಬಂದವು. ಮರು ಎಣಿಕೆಯಲ್ಲಿ ಹೆಚ್ಚಿನವು ಸರಿಯಾಗಿ 4,096 ಎಂದು ತಿಳಿಯಿತು. 4,096 ಎಂಬುದು 2ರ ಹನ್ನೆರಡನೆಯ ಘಾತ. ಯಂತ್ರದ ಮೆಮೊರಿಯಲ್ಲಿ ಒಂದೇ ಒಂದು ಬಿಟ್ ತಾನಾಗಿ 0ಯಿಂದ 1ಕ್ಕೆ ತಿರುಗಿದ್ದರಿಂದ ಹೀಗಾಯಿತೆಂಬ ವಿವರಣೆಯೇ ಉಳಿಯಿತು. ಇದೇ ಬಿಟ್ ನಮ್ಮ ಬಾಕಿ ಪಟ್ಟಿಯಲ್ಲಿ ತಿರುಗಿದರೆ ಗಿರಾಕಿಯ ಹೆಸರಿನಲ್ಲಿ 4,096 ರೂಪಾಯಿ ಏರಿರುತ್ತದೆ ಅಥವಾ ಇಳಿದಿರುತ್ತದೆ. ನಕ್ಷೆಯಲ್ಲಾದರೆ ಒಂದು ಅಳತೆ ತಪ್ಪಿರುತ್ತದೆ.

ಇ.ಸಿ.ಸಿ. ಮೆಮೊರಿಯು ಪ್ರತಿ 64 ಬಿಟ್‌ಗಳಿಗೆ ಇನ್ನು 8 ಬಿಟ್‌ಗಳನ್ನು ಕಾವಲಿಗೆ ಇಡುತ್ತದೆ. ಒಂದು ಬಿಟ್ ಕೆಟ್ಟರೆ ತಾನೇ ಸರಿಪಡಿಸುತ್ತದೆ, ಎರಡು ಕೆಟ್ಟರೆ ಕೆಟ್ಟಿತೆಂದು ತಿಳಿಸುತ್ತದೆ. ಗೂಗಲ್ ಕಂಪನಿಯ ಸರ್ವರುಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವರ್ಷವೊಂದಕ್ಕೆ ಮೆಮೊರಿ ಪಟ್ಟಿಗಳಲ್ಲಿ ಶೇಕಡ 8ಕ್ಕೂ ಹೆಚ್ಚಿನವುಗಳಲ್ಲಿ ಇಂತಹ ದೋಷ ಕಂಡುಬಂದಿತ್ತು. ಆ ದೋಷಗಳು ಎಲ್ಲ ಪಟ್ಟಿಗಳಲ್ಲಿ ಸಮನಾಗಿ ಹರಡಿರಲಿಲ್ಲ; ಕೆಲವು ಪಟ್ಟಿಗಳೇ ಮತ್ತೆ ಮತ್ತೆ ತಪ್ಪುತ್ತಿದ್ದವು. ಆದ್ದರಿಂದ ಮನೆಯ ಯಂತ್ರಕ್ಕೆ ಒಳ್ಳೆಯ ಮೆಮೊರಿ ಕೊಂಡು, ಅದನ್ನು ಒಂದು ರಾತ್ರಿ ಪರೀಕ್ಷೆಗೆ ಹಾಕಿ, ಲೆಕ್ಕದ ಕಡತಗಳಿಗೆ ದಿನವೂ ಪ್ರತಿ ತೆಗೆದಿಟ್ಟರೆ ಅಪಾಯದ ದೊಡ್ಡ ಪಾಲು ಕಳೆಯುತ್ತದೆ.

ಇ.ಸಿ.ಸಿ. ಬೇಕೇ ಬೇಕೆನ್ನುವವರಿಗೂ ಹಳೆಯ ಸರ್ವರೊಂದೇ ದಾರಿಯಲ್ಲ. ಎ.ಎಂ.ಡಿ. ರೈಜನ್ ಮಾದರಿಗಳಲ್ಲಿ ಅನೇಕವು, ಬೋರ್ಡಿನ ಕೈಪಿಡಿಯಲ್ಲಿ ಹಾಗೆಂದು ಬರೆದಿದ್ದರೆ, ಈ ಮೆಮೊರಿಯನ್ನು ಸ್ವೀಕರಿಸುತ್ತವೆ. 5600ಜಿಯಂತಹ ಮಾದರಿಗಳಲ್ಲಿ ಈ ಸೌಲಭ್ಯವಿಲ್ಲ. ಇಂಟೆಲ್‌ನಲ್ಲಿ 12ನೆಯ ಪೀಳಿಗೆಯಿಂದ ಹಲವು ಕೋರ್ ಮಾದರಿಗಳು ಡಬ್ಲ್ಯು680 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಇದನ್ನು ಬಳಸಬಲ್ಲವು. ಡಿಡಿಆರ್5 ಮೆಮೊರಿಯಲ್ಲೆಲ್ಲ ಇ.ಸಿ.ಸಿ. ಇದ್ದೇ ಇದೆ ಎಂಬ ಮಾತು ಕಿವಿಗೆ ಬಿದ್ದರೆ ನಂಬಬಾರದು. ಅದು ಚಿಪ್ಪಿನ ಒಳಗಿನ ತಿದ್ದುಪಡಿ ಮಾತ್ರ; ಚಿಪ್ಪಿನಿಂದ ಪ್ರೊಸೆಸರಿನವರೆಗಿನ ದಾರಿಗೆ ಆ ಕಾವಲಿಲ್ಲ. ಇನ್ನೊಂದು ಎಚ್ಚರಿಕೆ: ಸರ್ವರುಗಳಿಂದ ತೆಗೆದು ಅಗ್ಗಕ್ಕೆ ಮಾರುವ 'ರಿಜಿಸ್ಟರ್ಡ್' ಮೆಮೊರಿ ಪಟ್ಟಿ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ನಡೆಯುವುದಿಲ್ಲ.

ಪ್ರೊಸೆಸರು ಕೆಡುವುದಿಲ್ಲ, ಬೋರ್ಡು ಕೆಡುತ್ತದೆ

ಈ ಪಾಠವನ್ನು ಲೇಖಕನು ಕಲಿತದ್ದು ತನ್ನ ಕೈಸುಟ್ಟುಕೊಂಡು. ಕೆಲವು ವರ್ಷಗಳ ಹಿಂದೆ ಮೇಲೆ ಹೇಳಿದ 14 ಕೋರಿನ ಪ್ರೊಸೆಸರನ್ನೇ, ಎಕ್ಸ್99 ಎಂಬ ಹೆಸರಿನ ಅಗ್ಗದ ಬೋರ್ಡಿನ ಮೇಲೆ ಕೂರಿಸಿದ ಯಂತ್ರವನ್ನು ಮನೆಗೆ ತಂದೆನು. ಮೊದಲ ತಿಂಗಳುಗಳಲ್ಲಿ ಯಾವ ದೂರೂ ಇರಲಿಲ್ಲ. ಬಂದವರಿಗೆಲ್ಲ 28 ಥ್ರೆಡ್‌ಗಳ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿ ಸಂತೋಷಪಟ್ಟದ್ದೂ ಉಂಟು. ಏಳನೆಯ ತಿಂಗಳಿನಲ್ಲಿ, ಒಂದು ಮಳೆವಾರದ ವಿದ್ಯುತ್ ಹೋಗಿಬರುವಿಕೆಯ ನಂತರ, ಯಂತ್ರ ಏಳಲಿಲ್ಲ. ಪ್ರೊಸೆಸರು ಸರಿಯಿತ್ತು, ಬೋರ್ಡು ಸತ್ತಿತ್ತು. ಮಾರಿದ ಅಂಗಡಿಯವರು ಖಾತರಿ ಪ್ರೊಸೆಸರಿಗೆ ಮಾತ್ರವೆಂದರು. ಅದೇ ಬಗೆಯ ಬೋರ್ಡು ಸಿಗಲಿಲ್ಲ. ಬೇರೆ ಬೋರ್ಡು ಹಾಕಿದಾಗ ಯಂತ್ರದ ಗುರುತಿಗೆ ಕಟ್ಟಿದ್ದ ಕ್ಯಾಮ್ ತಂತ್ರಾಂಶದ ಪರವಾನಗಿ ನಿಂತುಹೋಯಿತು. ಅದನ್ನು ಮರುಚಾಲನೆಗೊಳಿಸಲು ಪತ್ರವ್ಯವಹಾರ ನಡೆಯಿತು. ನಾಲ್ಕು ಕೆಲಸದ ದಿನಗಳು ಹೋದವು, ಒಂದು ಜಾಬ್ ವರ್ಕ್ ತಡವಾಯಿತು, ಗಿರಾಕಿಯ ಬಳಿ ತಲೆ ತಗ್ಗಿಸಬೇಕಾಯಿತು. ಯಂತ್ರದಲ್ಲಿ ಉಳಿಸಿದ ಹಣಕ್ಕಿಂತ ಆ ನಾಲ್ಕು ದಿನಗಳ ಬೆಲೆ ಹೆಚ್ಚು.

ಇದರಲ್ಲಿ ಅಂಗಡಿಯವರ ತಪ್ಪಿಗಿಂತ ನನ್ನ ತಿಳಿವಳಿಕೆಯ ಕೊರತೆಯೇ ದೊಡ್ಡದು. ಪ್ರೊಸೆಸರು ಬಹಳ ಬಾಳಿಕೆಯ ವಸ್ತು. ದತ್ತಾಂಶ ಕೇಂದ್ರಗಳು ಐದಾರು ವರ್ಷ ದುಡಿಸಿ ಮಾರಿದರೂ ಅದಕ್ಕೆ ಇನ್ನೂ ಆಯುಸ್ಸಿರುತ್ತದೆ. ಆದರೆ ಅದನ್ನು ಕೂರಿಸಲು ಅದೇ ಕಾಲದ ಸಾಕೆಟ್ಟಿನ ಬೋರ್ಡು ಬೇಕು. ಹೆಸರಾಂತ ಕಂಪನಿಗಳು ಆ ಬೋರ್ಡುಗಳನ್ನು ನಿಲ್ಲಿಸಿ ವರ್ಷಗಳಾದವು. ಆದ್ದರಿಂದ ಹೆಸರೇ ಕೇಳದ ತಯಾರಕರ, ಹಲವೊಮ್ಮೆ ಹಳೆಯ ಬೋರ್ಡುಗಳಿಂದ ಬಿಚ್ಚಿದ ಚಿಪ್‌ಸೆಟ್ ಹಾಕಿದ ಬೋರ್ಡುಗಳು ಆ ಸ್ಥಾನವನ್ನು ತುಂಬುತ್ತವೆ. ಬಲವಾದ ಸ್ಪಿಂಡಲನ್ನು ದುರ್ಬಲ ಬೆಡ್ಡಿನ ಮೇಲೆ ಕೂರಿಸಿದಂತೆ. ಹಳೆಯ ಸರ್ವರ್ ಪ್ರೊಸೆಸರೇ ಬೇಕೆಂದಾದರೆ ಬಿಡಿಭಾಗಗಳ ಜೋಡಣೆಗಿಂತ ದೊಡ್ಡ ಕಂಪನಿಯೊಂದು ತಾನೇ ತಯಾರಿಸಿದ ವರ್ಕ್‌ಸ್ಟೇಷನ್ ಯಂತ್ರವನ್ನು ಇಡಿಯಾಗಿ ಕೊಳ್ಳುವುದು ಮೇಲು. ಅವುಗಳ ಪವರ್ ಸಪ್ಲೈ ಎಷ್ಟೋ ವೇಳೆ ಆ ಕಂಪನಿಯದೇ ವಿಶೇಷ ಆಕಾರದ್ದಾಗಿರುತ್ತದೆ ಎಂಬುದನ್ನು ನೆನಪಿಡಬೇಕು.

ಹೆಸರಿನ ಗೊಂದಲವೂ ಇದೆ. ಝಿಯಾನ್ ಎಂದ ಮಾತ್ರಕ್ಕೆ ಎಲ್ಲವೂ ದೊಡ್ಡ ಸರ್ವರಿನವಲ್ಲ. ಝಿಯಾನ್ ಇ3 ಸರಣಿಯ ಹಲವು ಮಾದರಿಗಳು ವಾಸ್ತವವಾಗಿ ಡೆಸ್ಕ್‌ಟಾಪ್ ಪ್ರೊಸೆಸರುಗಳೇ, ಇ.ಸಿ.ಸಿ. ಸೌಲಭ್ಯ ಸೇರಿಸಿದಂಥವು. 2013ರ ಹೊತ್ತಿನ ಇ3-1230 ವಿ3 ಸಾಮಾನ್ಯ ಮನೆ ಬೋರ್ಡಿನಲ್ಲೇ ಕೂರುತ್ತಿತ್ತು. ಐ7ರ ಶಕ್ತಿಯನ್ನು ಐ5ರ ಬೆಲೆಗೆ ಹತ್ತಿರದಲ್ಲಿ ಕೊಡುತ್ತಿದ್ದುದರಿಂದ ತಿಳಿದವರು ಅದನ್ನು ಹುಡುಕಿ ಕೊಂಡರು. 2015ರ ಇ3 ವಿ5 ಪೀಳಿಗೆಯಿಂದ ಇಂಟೆಲ್ ಆ ಬಾಗಿಲನ್ನು ಮುಚ್ಚಿತು. ಅದಕ್ಕೆ ಸರ್ವರ್ ಚಿಪ್‌ಸೆಟ್ಟೇ ಬೇಕಾಯಿತು.

ವಿದ್ಯುತ್ತು, ಬಿಲ್ಲು, ವಿಂಡೋಸ್

ಇ5 ಬಗೆಯ ಪ್ರೊಸೆಸರಿನಲ್ಲಿ ಪರದೆಗೆ ಚಿತ್ರ ಕಳುಹಿಸುವ ಭಾಗವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಕೊಳ್ಳಲೇಬೇಕು. ಐ5-12400ರಲ್ಲಿ ಅದು ಒಳಗೇ ಇದೆ. ಕಾರ್ಡಿನ ಬೆಲೆಯನ್ನು ಕೊಡುಗೆಯ ಬೆಲೆಗೆ ಸೇರಿಸಿ ನೋಡಿದಾಗ ಅಗ್ಗದ ಅಂತರ ಕುಗ್ಗುತ್ತದೆ. ಎರಡೂ ಯಂತ್ರಗಳ ಸರಾಸರಿ ವಿದ್ಯುತ್ ಬಳಕೆಯಲ್ಲಿ 60 ವಾಟ್ ವ್ಯತ್ಯಾಸವಿದೆ ಎಂದಿಟ್ಟುಕೊಂಡು, ಯೂನಿಟ್ಟಿಗೆ 7 ರೂಪಾಯಿಯಂತೆ ಲೆಕ್ಕ ಹಾಕೋಣ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ನಡೆದರೆ 180 ಯೂನಿಟ್, 1,260 ರೂಪಾಯಿ. ಹಗಲಿರುಳು ನಡೆದರೆ ಸುಮಾರು 526 ಯೂನಿಟ್, ಅಂದರೆ 3,680 ರೂಪಾಯಿ. ದೊಡ್ಡ ಮೊತ್ತವಲ್ಲ, ಆದರೆ ಪ್ರತಿ ವರ್ಷದ್ದು. ಇದಕ್ಕಿಂತ ತೊಡಕಿನದು ಯು.ಪಿ.ಎಸ್. ಮನೆಗಳಲ್ಲಿರುವ ಚಿಕ್ಕ ಯು.ಪಿ.ಎಸ್. ಹಗುರವಾದ ಡೆಸ್ಕ್‌ಟಾಪನ್ನು ಸಾವಧಾನವಾಗಿ ಮುಚ್ಚಲು ಬೇಕಾದಷ್ಟು ಹೊತ್ತು ಹಿಡಿದಿಡುತ್ತದೆ. ಸರ್ವರ್ ಪ್ರೊಸೆಸರು ಮತ್ತು ಕಾರ್ಡು ಎರಡೂ ಪೂರ್ಣ ದುಡಿಯುತ್ತಿರುವಾಗ ಕರೆಂಟು ಹೋದರೆ ಕಡತ ಉಳಿಸುವಷ್ಟರಲ್ಲಿ ಅದು ಕೈಬಿಡಬಹುದು.

ಇನ್ನು ತೆರಿಗೆ. ಗಣಕಯಂತ್ರ ಮತ್ತು ಬಿಡಿಭಾಗಗಳ ಮೇಲೆ ಜಿ.ಎಸ್.ಟಿ. ಶೇಕಡ 18. ಉದಾಹರಣೆಗೆ 50,000 ರೂಪಾಯಿಯ ಹೊಸ ಯಂತ್ರಕ್ಕೆ 9,000 ತೆರಿಗೆ ಸೇರಿ 59,000 ಕೊಟ್ಟರೂ, ನೋಂದಾಯಿತ ಉದ್ದಿಮೆಯ ಕೆಲಸಕ್ಕೆ ಬಳಸಿದ ಮಟ್ಟಿಗೆ ಆ 9,000ವನ್ನು ಇನ್‌ಪುಟ್ ಕ್ರೆಡಿಟ್ಟಾಗಿ ಪಡೆಯಬಹುದು. ಮನೆಬಳಕೆಯೂ ಇದ್ದರೆ ಎಷ್ಟು ಪಾಲು ಎಂಬುದನ್ನು ತಮ್ಮ ಆಡಿಟರ್ ನಿರ್ಧರಿಸಲಿ. ಬಿಲ್ಲಿಲ್ಲದೆ ಕೊಂಡ ಹಳೆಯ ಯಂತ್ರಕ್ಕೆ ಕ್ರೆಡಿಟ್ಟೂ ಇಲ್ಲ, ಪುಸ್ತಕದಲ್ಲಿ ತೋರಿಸಿ ಸವಕಳಿ ತೆಗೆಯಲು ಆಧಾರವೂ ಇಲ್ಲ. ಬಿಲ್ಲಿದ್ದೂ ಅದರಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸದಿದ್ದರೆ ಕ್ರೆಡಿಟ್ ದೊರೆಯದು.

ಎಲ್ಲಕ್ಕಿಂತ ಬಲವಾದ ಆಕ್ಷೇಪ ವಿಂಡೋಸಿನದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪಿಕೊಂಡಿರುವ ಪ್ರೊಸೆಸರುಗಳ ಪಟ್ಟಿಯಲ್ಲಿ ಇ5 ವಿ3, ವಿ4 ಮಾದರಿಗಳಿಲ್ಲ. ಅಡ್ಡದಾರಿಯಿಂದ ಅದನ್ನು ಹಾಕಿಕೊಡುವವರಿದ್ದಾರೆ. ಮುಂದಿನ ಪರಿಷ್ಕರಣೆ ಬಂದಾಗ ಯಂತ್ರ ನಡೆಯುತ್ತದೆಂಬ ಭರವಸೆಯನ್ನು ಅವರು ಕೊಡಲಾರರು. ಇ-ಇನ್‌ವಾಯ್ಸ್ ಕಡ್ಡಾಯದ ಮಿತಿ 2023ರ ಆಗಸ್ಟ್ 1ರಿಂದ 5 ಕೋಟಿ ವಹಿವಾಟಿಗೆ ಇಳಿದ ಮೇಲೆ ನಮ್ಮಂತಹ ಅನೇಕರ ಮಾರಾಟವೇ ಈ ಯಂತ್ರದ ಮೂಲಕ ಸಾಗುತ್ತಿದೆ. ಬ್ಯಾಂಕಿನ ಮತ್ತು ತೆರಿಗೆಯ ಗುಪ್ತಪದಗಳನ್ನು ಟೈಪು ಮಾಡುವ ಯಂತ್ರಕ್ಕೆ ಭದ್ರತಾ ಪರಿಷ್ಕರಣೆ ಇಲ್ಲದಿರುವುದು ಷೆಡ್ಡಿಗೆ ಬೀಗ ಹಾಕದೆ ಮನೆಗೆ ಬಂದಂತೆ. ಎರಡು ಪ್ರೊಸೆಸರಿನ ಬೋರ್ಡು ಕೊಳ್ಳುವವರಿಗೆ ಇನ್ನೊಂದು ಮಾತು: ವಿಂಡೋಸ್‌ನ ಹೋಮ್ ಆವೃತ್ತಿ ಒಂದೇ ಪ್ರೊಸೆಸರನ್ನು ಬಳಸುತ್ತದೆ. ಎರಡನ್ನೂ ಬಳಸಲು ಪ್ರೊ ಆವೃತ್ತಿ ಬೇಕು.

ಸರ್ವರೇ ಸರಿಯಾದ ಸಂದರ್ಭಗಳು

ಹಾಗಾದರೆ ಸರ್ವರ್ ಪ್ರೊಸೆಸರು ಮನೆಗೆ ಎಂದೂ ಬೇಡವೇ? ಹಾಗಲ್ಲ. ಮನೆಯ ಕೆಳಮಹಡಿಯನ್ನೇ ಕಚೇರಿ ಮಾಡಿಕೊಂಡು ಐದಾರು ಜನ ಒಂದೇ ಯಂತ್ರಕ್ಕೆ ಸಂಪರ್ಕ ಪಡೆದು ದಿನವಿಡೀ ದಾಖಲೆ ತುಂಬುವವರಿಗೆ ಕೋರುಗಳ ಸಂಖ್ಯೆಯೂ ಇ.ಸಿ.ಸಿ.ಯೂ ನಿಜವಾಗಿ ಉಪಯುಕ್ತ. ಅಚ್ಚು ತಯಾರಕರಲ್ಲಿ ರಾತ್ರಿಯಿಡೀ ಸಿಮ್ಯುಲೇಷನ್ ಓಡಿಸುವವರಿಗೂ ಹಾಗೆಯೇ. ಆದರೆ ಕೆಲವು ಸಿಮ್ಯುಲೇಷನ್ ತಂತ್ರಾಂಶಗಳು ಕೋರಿನ ಲೆಕ್ಕದಲ್ಲಿ ಪರವಾನಗಿ ಶುಲ್ಕ ವಿಧಿಸುತ್ತವೆಯಾದ್ದರಿಂದ ಅದನ್ನು ಮೊದಲು ಕೇಳಬೇಕು. ನೆಟ್‌ವರ್ಕಿಂಗ್ ಓದುತ್ತಿರುವ ಮಗಳೋ ಮಗನೋ ಒಂದೇ ಯಂತ್ರದಲ್ಲಿ ಹತ್ತು ವರ್ಚುವಲ್ ಯಂತ್ರಗಳನ್ನು ನಡೆಸಿ ಕಲಿಯುವುದಾದರೆ ಅಗ್ಗದ ಹಳೆಯ ಸರ್ವರು ಒಳ್ಳೆಯ ಪಾಠಶಾಲೆ. ಕೆಟ್ಟರೆ ಕಲಿಕೆಗೆ ಒಂದು ವಾರ ರಜೆ, ಅಷ್ಟೇ. ಆ ಯಂತ್ರದಲ್ಲಿ ಲೆಕ್ಕದ ಪುಸ್ತಕಗಳನ್ನು ಮಾತ್ರ ಇಡಬಾರದು. ಸಪೂರವಾದ ಚಪ್ಪಟೆ ಸರ್ವರನ್ನು ತಂದರೆ ಅದರ ಚಿಕ್ಕ ಫ್ಯಾನುಗಳ ಶಬ್ದ ಮಲಗುವ ಕೋಣೆಯವರೆಗೆ ಕೇಳುತ್ತದೆ ಎಂದು ಮನೆಯವರಿಗೆ ಮುಂಚಿತವಾಗಿ ತಿಳಿಸುವುದು ಕ್ಷೇಮ.

2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಮೆಮೊರಿ ಸಹಿತವಾಗಿ ಬರುವ ಹಳೆಯ ಸರ್ವರುಗಳ ಆಕರ್ಷಣೆ ಹೆಚ್ಚಲು ಇದೂ ಒಂದು ಕಾರಣ. ಆದರೆ 64 ಜಿ.ಬಿ. ಎಂಬ ಅಂಕಿಗೆ ಮಾರುಹೋಗುವ ಮುನ್ನ ತಮ್ಮ ಈಗಿನ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಕೆಲಸ ಜೋರಾಗಿ ನಡೆಯುವಾಗ ಎಷ್ಟು ಮೆಮೊರಿ ಬಳಕೆಯಾಗುತ್ತಿದೆ ಎಂದು ನೋಡಬೇಕು. ಅದೇ ಪರದೆಯಲ್ಲಿ ಪ್ರತಿ ಕೋರಿನ ಚಿತ್ರವೂ ಕಾಣುತ್ತದೆ. ತಾವು ಕಾಯುತ್ತಿರುವ ಹೊತ್ತಿನಲ್ಲಿ ಒಂದೇ ಕೋರು ಮೇಲೇರಿ ಉಳಿದವು ಮಲಗಿದ್ದರೆ ವೇಗದ ಕೋರು ಬೇಕು. ಎಲ್ಲವೂ ಮೇಲೇರಿದ್ದರೆ ಹೆಚ್ಚು ಕೋರು ಬೇಕು. ಹತ್ತು ನಿಮಿಷದ ಈ ಪರೀಕ್ಷೆಗೆ ಖರ್ಚಿಲ್ಲ.

ಕೊಳ್ಳಲು ಹೊರಡುವವರಿಗೆ ಈಗ ದಾರಿ ಸುಲಭವಾಗಿದೆ. 2025ರ ಆಗಸ್ಟಿನಲ್ಲಿ ಮೆಟ್ರೊ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂದಿದೆ; ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ಕಾಲ್ನಡಿಗೆಯ ದೂರ. ಹಳೆಯದನ್ನು ಕೊಳ್ಳುವುದಾದರೆ ಬೆಳಿಗ್ಗೆಯೇ ಹೋಗಿ, ಅಂಗಡಿಯಲ್ಲಿ ಕೂತು ಒಂದೆರಡು ಗಂಟೆಯಾದರೂ ಮೆಮೊರಿ ಪರೀಕ್ಷೆ ನಡೆಸಿ, ಎಲ್ಲ ಮೆಮೊರಿ ಪಟ್ಟಿಗಳೂ ಲೆಕ್ಕಕ್ಕೆ ಬಂದಿವೆಯೇ ಎಂದು ನೋಡಬೇಕು. ಬಿಲ್ಲಿನಲ್ಲಿ ಪ್ರೊಸೆಸರಿನದು ಮಾತ್ರವಲ್ಲ, ಬೋರ್ಡಿನ ಮತ್ತು ಪವರ್ ಸಪ್ಲೈಯ ಕ್ರಮಸಂಖ್ಯೆಗಳನ್ನೂ ಖಾತರಿಯ ಅವಧಿಯನ್ನೂ ಬರೆಸಿಕೊಳ್ಳಬೇಕು. ಬರೆದುಕೊಡಲು ಅಂಗಡಿಯವರು ಹಿಂಜರಿದರೆ ಆ ರಸ್ತೆಯಲ್ಲಿ ಇನ್ನೂ ಬಹಳ ಅಂಗಡಿಗಳಿವೆ.